ಇಂಗ್ಲಿಷ್ ವ್ಯಾಕರಣಕ್ಕೆ ಕನ್ನಡ ಅಡ್ಡಿಯೇ?



ಎಂಬಿಎ ಸೇರಲು ಪಿಜಿಸಿಇಟಿ ಬರೆಯುವ ನಮ್ಮೂರಿನ ಹುಡುಗರು ಪರೀಕ್ಷೆ ಹತ್ತಿರ ಬಂದಾಗ ಇಂಗ್ಲಿಷ್ ವ್ಯಾಕರಣದ ಗೈಡ್ ಹಿಡಿದು ಕೂರುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಕಳೆದ ವಾರ ನಮ್ಮ ಬೀದಿಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ತನ್ನ ಕೋಚಿಂಗ್ ಕ್ಲಾಸಿನ ನೋಟ್ಸ್ ತಂದು ತೋರಿಸಿದಳು. ವಾಕ್ಯದಲ್ಲಿ ತಪ್ಪು ಹುಡುಕಲು 120 ನಿಯಮಗಳು, ಎಲ್ಲವೂ ಬಾಯಿಪಾಠಕ್ಕೆ. ಮೊದಲ ಪುಟದಲ್ಲೇ ‘ಕನ್ನಡದಲ್ಲಿ ಯೋಚಿಸಬೇಡಿ’ ಎಂಬ ಎಚ್ಚರಿಕೆ. ನನ್ನ ತಕರಾರು ಆ ಎಚ್ಚರಿಕೆಯ ಮೇಲೆ.

‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್’ ಆದಮೇಲೆ ‘ವಾಸ್’ ಬರಬೇಕೋ ‘ವರ್’ ಬರಬೇಕೋ? ಇಂಥ ಪರೀಕ್ಷೆಗಳ ಹಳೇ ಪ್ರಶ್ನೆ ಇದು. ಹುಡುಗಿ ‘ವರ್’ ಎಂದಳು. ಮ್ಯಾಂಗೋಸ್ ಪಕ್ಕದಲ್ಲೇ ಇತ್ತಲ್ಲ! ಅದನ್ನೇ ಕನ್ನಡದಲ್ಲಿ ಹೇಳಮ್ಮ ಎಂದೆ. ‘ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿತ್ತು’ ಎಂದಳು. ‘ಚೆನ್ನಾಗಿದ್ದವು’ ಅನ್ನಲಿಲ್ಲ. ಕರ್ತೃಪದ ಯಾವುದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಕೇಳಿದವರಿರಲಿಲ್ಲ ಅಷ್ಟೆ. ‘ಒನ್ ಆಫ್ ಮೈ ಫ್ರೆಂಡ್’ ಎಂದು ಎಡವುವವರೂ ‘ನನ್ನ ಗೆಳತಿಯರಲ್ಲಿ ಒಬ್ಬಳು’ ಎಂದು ಸರಿಯಾಗಿಯೇ ಹೇಳುತ್ತಾರೆ. ‘ಆಲ್ದೋ’ ಬಂದ ವಾಕ್ಯಕ್ಕೆ ‘ಬಟ್’ ಕೂಡ ಸೇರಿಸುವವರಿಗೆ ‘ಮಳೆ ಬಂದರೂ ಹೋದೆ’ ಎಂಬ ಮಾತು ನೆನಪಿಸಿದರೆ ಸಾಕು. ಅಲ್ಲಿ ‘ಆದರೆ’ಗೆ ಜಾಗವೇ ಇಲ್ಲ.

ಕನ್ನಡ ದಾರಿ ತಪ್ಪಿಸುವ ಕಡೆಗಳೂ ಇವೆ, ಇಲ್ಲವೆನ್ನುವುದಿಲ್ಲ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬ ರೂಢಿಯಿಂದ ‘ಡಿಸ್ಕಸ್ಡ್ ಅಬೌಟ್ ಇಟ್’ ಹುಟ್ಟುತ್ತದೆ. ‘ಎ’, ‘ಆನ್’, ‘ದ’ಗಳಿಗೆ ನಮ್ಮಲ್ಲಿ ನೇರ ಸಾಟಿಯಿಲ್ಲ, ಹಾಗಾಗಿ ಬರೆಯುವಾಗ ಅವು ಉದುರಿಹೋಗುತ್ತವೆ. ಆದರೆ ಎಡವುವ ಕಲ್ಲು ಎಲ್ಲಿದೆಯೆಂದು ತಿಳಿಯಲಿಕ್ಕೂ ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು. ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅದು ಕಿಟಕಿಯಿಂದ ಒಳಗೆ ಬರುತ್ತದೆ.

ನಿಯಮ ಉರುಹೊಡೆಸುವ ಪಾಠಕ್ಕೆ ಬೇರೆಡೆ ಬೆಲೆ ಇಳಿಯುತ್ತಿರುವುದನ್ನೂ ಗಮನಿಸಬೇಕು. ಹೊರದೇಶಗಳ ಬಿಸಿನೆಸ್ ಸ್ಕೂಲ್‌ಗಳಿಗೆ ಹೋಗುವವರು ಬರೆಯುವ ಜಿಮ್ಯಾಟ್, 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ, ವಾಕ್ಯ ತಿದ್ದುವ ಪ್ರಶ್ನೆಗಳನ್ನೇ ಕೈಬಿಟ್ಟಿದೆ. ಭಾಷಾ ವಿಭಾಗದಲ್ಲಿ ಈಗ ಉಳಿದಿರುವುದು ಓದಿ ಗ್ರಹಿಸುವುದು ಮತ್ತು ವಾದವನ್ನು ತೂಗಿನೋಡುವುದು, ಎರಡೇ. ನಮ್ಮಲ್ಲಿಯೂ ಹಾಗೇ ಆಗಲಿ ಎಂದು ಹಟ ಹಿಡಿಯುವುದಿಲ್ಲ. ವ್ಯಾಕರಣದ ಪ್ರಶ್ನೆ ಇರುವಷ್ಟು ದಿನ ಕಲಿಸುವ ಕ್ರಮವಾದರೂ ಬದಲಾಗಲಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡದ ಮೇಷ್ಟ್ರು, ಇಂಗ್ಲಿಷಿನ ಮೇಷ್ಟ್ರು ಇಬ್ಬರೂ ಒಂದೇ ಸ್ಟಾಫ್‌ರೂಮಿನಲ್ಲಿ ಕೂರುತ್ತಾರೆ. ಅವರನ್ನು ಒಟ್ಟಿಗೆ ಕೂರಿಸಿ, ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತೋರಿಸುವ ಒಂದು ಸಣ್ಣ ಕೈಪಿಡಿ ಬರೆಸಲು ಕಾಲೇಜು ಶಿಕ್ಷಣ ಇಲಾಖೆಗೆ ದೊಡ್ಡ ಖರ್ಚೇನೂ ಬಾರದು. ಅಂತಿಮ ವರ್ಷದವರಿಗೆ ವಾರಕ್ಕೆರಡು ತರಗತಿ ಇಟ್ಟರೆ, ಕೋಚಿಂಗ್ ಫೀಸು ಕಟ್ಟಲಾಗದ ಮಕ್ಕಳಿಗೂ ಅದು ಸಿಗುತ್ತದೆ. ಇಲಾಖೆ ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಲಿ ಎಂದು ಕೋರುತ್ತೇನೆ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ,
ಅರಸೀಕೆರೆ