ಸಿಡಿಲು: ಮರದಡಿ ನಿಲ್ಲದಿರಿ



ಏಪ್ರಿಲ್‌, ಮೇ ತಿಂಗಳ ಮಳೆ ಶುರುವಾದರೆ ಸಾಕು, ಕಲಬುರಗಿ, ವಿಜಯಪುರ, ಕೊಪ್ಪಳದ ಕಡೆಯಿಂದ ಸಿಡಿಲಿಗೆ ಕುರಿಗಾಹಿ ಬಲಿ, ರೈತ ಬಲಿ ಎಂಬ ಸುದ್ದಿ ಬರುತ್ತಲೇ ಇರುತ್ತದೆ. ಮಳೆಯಿಂದ ತಪ್ಪಿಸಿಕೊಳ್ಳಲು ಮರದಡಿ ನಿಂತವರೇ ಅನೇಕರು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿರುವವರ ಮೈಗೂ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ಎತ್ತು, ಎಮ್ಮೆಗಳು ನಿಂತಲ್ಲೇ ಉರುಳುವುದು ನೆಲದಲ್ಲಿ ಹೀಗೆ ಹರಿಯುವ ವಿದ್ಯುತ್ತಿನಿಂದಲೇ. ಗುಡುಗು ಕಿವಿಗೆ ಬಿದ್ದ ಕೂಡಲೇ ಪಕ್ಕಾ ಮನೆ ಸೇರಬೇಕು. ಕೊನೆಯ ಗುಡುಗಿನ ನಂತರವೂ 30 ನಿಮಿಷ ಹೊರಬರಬಾರದು. ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ, ನಿಜ. ಆದರೆ ಕುರಿ ಮೇಯಿಸುವ ಎಷ್ಟು ಮಂದಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ? ಗ್ರಾಮ ಪಂಚಾಯಿತಿಗಳು ಆ ಮುನ್ನೆಚ್ಚರಿಕೆಯನ್ನು ಗುಡಿಯ ಮೈಕಿನಲ್ಲಿ ಕೂಗಿ ಹೇಳಿಸಲಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ಹೆದರದೆ ಎದೆ ಒತ್ತಿ, 108ಕ್ಕೆ ಕರೆ ಮಾಡಿಸಿ.

– ಓದುಗ, ಲಿಂಗಸುಗೂರು