ಪಾಯ ನೋಡುವವರು ಯಾರು?

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ರೈತನೊಬ್ಬ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಬೇಕಾದರೆ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಮಂಡಳಿಯ ಕೇಂದ್ರ ಕಚೇರಿ ಇರುವುದು ಗುಂಟೂರಿನಲ್ಲಿ. ಆದರೂ ಯಾರ ಹೊಲದಲ್ಲಿ ಎಷ್ಟು ಬ್ಯಾರನ್ ಇವೆ, ಯಾರು ಲೈಸೆನ್ಸುದಾರರು, ಯಾರು ಕಾರ್ಡುದಾರರು ಎಂಬ ಲೆಕ್ಕವೆಲ್ಲ ಊರಿನ ಹರಾಜು ಮಾರುಕಟ್ಟೆಯ ಮೂಲಕ ಅದರ ಕೈಯಲ್ಲಿದೆ. ಅದೇ ರೈತ ಬ್ಯಾರನ್ನಿಗೆ ಒತ್ತಿಕೊಂಡಂತೆ ಮಗನಿಗೊಂದು ಎರಡಂತಸ್ತಿನ ಮನೆ ಎಬ್ಬಿಸಿದರೆ, ಪಾಯ ಎಷ್ಟು ಆಳ ತೆಗೆದಿದ್ದೀರಿ, ಕಂಬಕ್ಕೆ ಎಷ್ಟು ಕಬ್ಬಿಣ ಕಟ್ಟಿದ್ದೀರಿ ಎಂದು ಬಂದು ಕೇಳುವವರು ಯಾವ ಕಚೇರಿಯಲ್ಲೂ ಇಲ್ಲ. ಸೊಪ್ಪು ನಿಗದಿಗಿಂತ ಹೆಚ್ಚು ಬೆಳೆಯದಂತೆ ಕಾಯುವುದಕ್ಕೆ ಒಂದು ವ್ಯವಸ್ಥೆ ಕಟ್ಟಿಕೊಂಡಿದ್ದೇವೆ. ಆ ಮನೆಯೊಳಗೆ ಮಲಗುವ ಮಕ್ಕಳ ತಲೆಯ ಮೇಲಿನ ತಾರಸಿಯನ್ನು ಕಾಯುವುದಕ್ಕೆ ಕಟ್ಟಿಕೊಂಡಿಲ್ಲ.

ಹಳ್ಳಿಯ ಮನೆಗೂ ಅನುಮತಿ ಬೇಕೇ, ಒಕ್ಕಲಾಗುವ ಮೊದಲು ಪ್ರಮಾಣಪತ್ರ ಬೇಕೇ ಎಂದು ಕೇಳಿದರೆ ನಮ್ಮ ಕಡೆ ಬಹುತೇಕರು ಬೇಡ ಎನ್ನುತ್ತಾರೆ. ಬೇಕು ಎನ್ನುವವನು ನಾನು. ಆದರೆ ಇಂದು ಅನುಮತಿಯ ಹೆಸರಿನಲ್ಲಿ ನಡೆಯುತ್ತಿರುವುದು ಜಾಗದ ಕಾಗದದ ಪರೀಕ್ಷೆ. ಮನೆಯನ್ನು ಯಾರೂ ಪರೀಕ್ಷಿಸುತ್ತಿಲ್ಲ. ಈ ಎರಡನ್ನು ಬಿಡಿಸಿ ನೋಡದೆ ಹೋದರೆ ನಿಯಮ ಎಷ್ಟೇ ಬಿಗಿಯಾದರೂ ಒಂದು ಗೋಡೆಯೂ ಅದರಿಂದ ಗಟ್ಟಿಯಾಗುವುದಿಲ್ಲ.

ಕಾನೂನೇ ಇಲ್ಲ ಎನ್ನುವಂತಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ, ಇರುವುದಕ್ಕೆ ಸೇರಿಸಿ ಕಟ್ಟುವಂತೆಯೂ ಇಲ್ಲ. ಅರ್ಜಿ ಕೊಟ್ಟ 60 ದಿನಗಳೊಳಗೆ ಪಂಚಾಯಿತಿ ಏನನ್ನೂ ತಿಳಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಅಲೆದಾಡಿಸುವ ಕಚೇರಿಯಿಂದ ಬಡವನನ್ನು ಪಾರು ಮಾಡಲು ಇಟ್ಟ ಒಳ್ಳೆಯ ಮಾತು ಇದು. ಆದರೆ ಪಂಚಾಯಿತಿಯಲ್ಲಿ ಇರುವವರು ಯಾರು? ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಕಂಪ್ಯೂಟರ್ ಮುಂದೆ ಒಬ್ಬರು, ನೀರು ಬಿಡುವವರು. ಕಟ್ಟಡ ಬಲ್ಲ ಎಂಜಿನಿಯರ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅರವತ್ತು ದಿನದ ಮೌನವಾಗಲಿ, ಆರನೇ ದಿನ ಕೊಟ್ಟ ರುಜುವಾಗಲಿ ಮನೆಯ ಮಟ್ಟಿಗೆ ಒಂದೇ. ಎರಡರ ಹಿಂದೆಯೂ ಸ್ಥಳಕ್ಕೆ ಹೋಗಿ ನೋಡಿದ ಕಣ್ಣು ಇಲ್ಲ.

ಹಾಗಾದರೆ ಅರ್ಜಿಯಲ್ಲಿ ನೋಡುವುದೇನನ್ನು? ಖಾತೆಯನ್ನು. ಪಂಚಾಯಿತಿ ಖಾತೆಗಳನ್ನು ಕಂಪ್ಯೂಟರಿಗೆ ಏರಿಸುವ ಇ-ಸ್ವತ್ತು ಬಂದ ಮೇಲೆ ಹಳ್ಳಿಯ ಆಸ್ತಿಗಳೆಲ್ಲ ಎರಡು ಪಂಗಡವಾದವು. ಗ್ರಾಮಠಾಣದೊಳಗಿನ ಜಾಗ, ಅನ್ಯಕ್ರಾಂತವಾಗಿ ನಕ್ಷೆ ಮಂಜೂರಾದ ಜಾಗ, ಸರ್ಕಾರ ಕೊಟ್ಟ ನಿವೇಶನ ಇವಕ್ಕೆ ನಮೂನೆ 9 ಮತ್ತು 11ಎ. ಉಳಿದವು 11ಬಿ. ಕಾಗದದ ಮೇಲೆ ಅಚ್ಚುಕಟ್ಟಾದ ವಿಂಗಡಣೆ. ಆದರೆ ಗ್ರಾಮಠಾಣದ ಗೆರೆ ಎಂದೋ ಎಳೆದದ್ದು. ಮನೆತನಗಳು ಕವಲೊಡೆದವು, ಗೆರೆ ಹಿಗ್ಗಲಿಲ್ಲ. ತಾತನ ಹೆಸರಿನಲ್ಲೇ ಉಳಿದ ಖಾತೆ, ಬಾಯಿಮಾತಿನಲ್ಲಿ ಆದ ಪಾಲು, ಊರಂಚಿನ ಸ್ವಂತ ಹೊಲದಲ್ಲಿ ಕಟ್ಟಿಕೊಂಡ ಮನೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಯಾವ ಊರಿಗೆ ಹೋದರೂ ಇದೇ ಕಥೆ. ಇಂಥವರು ಅರ್ಜಿ ಹಾಕಿದರೆ ಮೊದಲು ಖಾತೆ ಸರಿ ಮಾಡಿಸಿಕೊಂಡು ಬಾ ಎನ್ನುತ್ತಾರೆ. ಅದಕ್ಕೆ ತಾಲ್ಲೂಕು ಕಚೇರಿ, ಭೂಪರಿವರ್ತನೆ, ವಿಭಾಗಪತ್ರ, ಸರ್ವೆ. ಮಗನ ಮದುವೆ ಅಷ್ಟು ದಿನ ಕಾಯುವುದಿಲ್ಲ. ಅವರು ಕೇಳದೆಯೇ ಕಟ್ಟುತ್ತಾರೆ, ಆಮೇಲೆ ಪಂಚಾಯಿತಿ ಅದೇ ಮನೆಗೆ ಕಂದಾಯ ಹಾಕುತ್ತದೆ, ನಲ್ಲಿಯನ್ನೂ ಕೊಡುತ್ತದೆ.

ನಾಗರಹೊಳೆಯ ಅಂಚಿನ ಹಾಡಿಗಳಲ್ಲಂತೂ ಇದು ಇನ್ನೂ ಕಠಿಣ. ತಲೆಮಾರುಗಳಿಂದ ಇದ್ದ ಜೇನುಕುರುಬರ ಜಾಗಕ್ಕೆ ಕಾಗದವೇ ಇರಲಿಲ್ಲ. ಹಾಡಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಗೆ 94ಡಿ ಸೇರಿಸಬೇಕಾಯಿತು. ಕಾಗದವಿಲ್ಲದವನ ಮನೆಗೆ ಗಟ್ಟಿ ಗೋಡೆಯ ಹಕ್ಕೂ ಇಲ್ಲ ಎನ್ನುವ ನಿಯಮವನ್ನು ನಾನು ಒಪ್ಪಲಾರೆ.

ಈ ನಾಡಿನಲ್ಲಿ ಕಟ್ಟಡದ ನಿಯಮಗಳು ಹುಟ್ಟಿದ್ದು ಹೀಗಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದೆ ಗೋಡೆಗೆ ಗೋಡೆ ಅಂಟಿಸಿಕೊಂಡಿದ್ದ ಪೇಟೆಯ ಕೇರಿಗಳಲ್ಲಿ ಜನ ಸತ್ತರು. ಅಗಲ ರಸ್ತೆಯ, ಮನೆಯ ಸುತ್ತ ಬಯಲು ಬಿಟ್ಟ ಮಲ್ಲೇಶ್ವರ, ಬಸವನಗುಡಿಗಳು ಅದರ ಬೆನ್ನಿಗೇ ಬಂದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಆಯಿತು. ಚರಂಡಿ ಎಲ್ಲಿ ಹರಿಯಬೇಕು, ಎರಡು ಮನೆಗಳ ನಡುವೆ ಎಷ್ಟು ಜಾಗ ಇರಬೇಕು ಎಂಬುದೇ ಅವರ ಚಿಂತೆ. ಸಾವು ನೋಡಿದವರು ಮಾಡಿದ ನಿಯಮಗಳವು, ಅದಕ್ಕೇ ಅವುಗಳಲ್ಲಿ ಅರ್ಥವಿತ್ತು.

ನಮ್ಮ ಅಜ್ಜಂದಿರು ಯಾರ ಅನುಮತಿ ಕೇಳಿದ್ದರು, ಆ ಮನೆಗಳು ನೂರು ವರ್ಷ ನಿಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಗೌರವದಿಂದ ಉತ್ತರ ಕೊಡಬೇಕು, ಏಕೆಂದರೆ ಅದರಲ್ಲಿ ಸತ್ಯವಿದೆ. ಮಣ್ಣಿನ ಗೋಡೆ, ಮರದ ತೊಲೆ, ನಾಡಹೆಂಚಿನ ಮನೆ ತನ್ನ ಕಾಯಿಲೆಯನ್ನು ಮುಚ್ಚಿಡುತ್ತಿರಲಿಲ್ಲ. ಗೋಡೆ ಉಬ್ಬಿದರೆ ಕಾಣುತ್ತಿತ್ತು, ತೊಲೆಗೆ ಗೆದ್ದಲು ಹತ್ತಿದರೆ ಮಣ್ಣು ಉದುರುತ್ತಿತ್ತು, ಹೆಂಚು ಜಾರಿದರೆ ನೀರು ತೊಟ್ಟಿಕ್ಕುತ್ತಿತ್ತು. ಕಟ್ಟುವಾಗ ಇಡೀ ಕೇರಿ ಕೈಜೋಡಿಸುತ್ತಿದ್ದರಿಂದ ಮಣ್ಣು ಎಷ್ಟು ದಿನ ಕೊಳೆಯಿತು, ಗೋಡೆ ಎಷ್ಟು ದಪ್ಪ ಎಂಬುದು ಹತ್ತು ಜನಕ್ಕೆ ಗೊತ್ತಿರುತ್ತಿತ್ತು. ಬರೆದಿಟ್ಟ ನಿಯಮವಿಲ್ಲದಿದ್ದರೂ ತಪಾಸಣೆ ಇತ್ತು.

ಇಂದಿನ ಮನೆ ಬೇರೆ. ಕಂಬದೊಳಗಿನ ಕಬ್ಬಿಣ, ಸಿಮೆಂಟಿಗೆ ಬೆರೆಸಿದ ನೀರು, ಎಂ-ಸ್ಯಾಂಡಿನಲ್ಲಿರುವ ಧೂಳು, ಮೋಲ್ಡ್ ಹಾಕಿದ ಮೇಲೆ ಎಷ್ಟು ದಿನ ನೀರು ಉಣಿಸಿದರು ಎಂಬುದು, ಇದ್ಯಾವುದೂ ಗಾರೆ ಮೆತ್ತಿ ಬಣ್ಣ ಹೊಡೆದ ಮೇಲೆ ಯಾರಿಗೂ ಕಾಣುವುದಿಲ್ಲ. ಮೈಸೂರು, ಬೆಂಗಳೂರಿನ ಕಟ್ಟಡಗಳಲ್ಲಿ ಕೈ ಪಳಗಿಸಿಕೊಂಡು ಬಂದ ಮೇಸ್ತ್ರಿಗಳಲ್ಲಿ ಬಹಳ ಜಾಣರಿದ್ದಾರೆ. ಅವರ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದಂತಸ್ತಿಗೆಂದು ಹಾಕಿದ ಪಾಯದ ಮೇಲೆ ಐದು ವರ್ಷದ ನಂತರ ಇನ್ನೊಂದು ಎಬ್ಬಿಸು ಎಂದು ಯಜಮಾನರು ಹಟ ಹಿಡಿದರೆ ಆಗದು ಎಂದು ಹೇಳಲು ಮೇಸ್ತ್ರಿಯ ಬೆನ್ನಿಗೆ ಯಾರಿದ್ದಾರೆ? ಕೂಲಿ ಕೊಡುವವರ ಎದುರು ಅವನೊಬ್ಬನೇ. ನಿಯಮವಿದ್ದರೆ, ಪಂಚಾಯಿತಿಯವರು ಒಪ್ಪುವುದಿಲ್ಲ ಸ್ವಾಮಿ ಎಂದಾದರೂ ಅನ್ನಬಹುದು. ಅನುಮತಿಯ ಮೊದಲ ಉಪಯೋಗ ನನಗೆ ಕಾಣುವುದು ಇಲ್ಲೇ.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದ ಕಟ್ಟಡದಲ್ಲಿ 19 ಜನ ಸತ್ತರು. ಮೇಲಂತಸ್ತುಗಳ ಕೆಲಸ ಇನ್ನೂ ಮುಗಿದಿರಲಿಲ್ಲ, ಕೆಳಗೆ ಆಗಲೇ ಅಂಗಡಿಗಳು ತೆರೆದಿದ್ದವು. ಕಟ್ಟಿ ಮುಗಿಯುವ ಮುನ್ನ ಒಳಗೆ ಜನ ಸೇರಬಾರದು ಎನ್ನುವುದಕ್ಕೇ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಪಟ್ಟಣದವರ ಬಾಯಲ್ಲಿನ ಒ.ಸಿ. ಇರುವುದು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ ಕುಸಿದ ಕಟ್ಟಡವೂ ಅನುಮತಿಗಿಂತ ಹೆಚ್ಚು ಅಂತಸ್ತು ಏರಿಸಿಕೊಂಡಿತ್ತು. ಅನುಮತಿ ಪತ್ರ ಇತ್ತು. ಅದನ್ನು ಹಿಡಿದು ಅಂತಸ್ತು ಎಣಿಸಿ ಸಮಯಕ್ಕೆ ತಡೆದವರು ಇರಲಿಲ್ಲ.

ಅದೇ ವರ್ಷದ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ, ಒ.ಸಿ. ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದಿತು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ಉದ್ದೇಶ ಸರಿಯಾದದ್ದೇ. ಆದರೆ ಕರ್ನಾಟಕದಲ್ಲಿ ಅದು ಜಾರಿಯಾದಾಗ ಆಗಲೇ ಮನೆ ಕಟ್ಟಿ ಮುಗಿಸಿದ್ದ ಕುಟುಂಬಗಳು ಮೀಟರ್ ಇಲ್ಲದೆ ನಿಂತವು. 2025ರಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಒ.ಸಿ.ಯಿಂದ ವಿನಾಯಿತಿ ಕೊಟ್ಟಿತು. ಕತ್ತಲಲ್ಲಿ ಕೂತ ಸಂಸಾರಗಳ ಕಷ್ಟಕ್ಕೆ ಸರ್ಕಾರ ಸ್ಪಂದಿಸಿದ್ದು ನ್ಯಾಯವೇ. ಆದರೂ ಕೊನೆಯಲ್ಲಿ ಹಿಡಿಯುವುದು, ಹಿಡಿದದ್ದನ್ನು ಕೈಬಿಡುವುದು, ಈ ಎರಡರ ನಡುವೆ ಮನೆಯನ್ನು ನೋಡುವ ಮುಖ್ಯ ಕೆಲಸ ಮತ್ತೆ ಜಾರಿಹೋಯಿತು. ನಿವೇಶನ ಸಣ್ಣದಾದ ಮಾತ್ರಕ್ಕೆ ಕಂಬ ಗಟ್ಟಿಯಾಗುವುದಿಲ್ಲ.

ಹುಣಸೂರು ಸೀಮೆಯವರಿಗೆ ಈ ಹಿಡಿದು ಬಿಡುವ ಆಟ ಹೊಸದಲ್ಲ. ಲೈಸೆನ್ಸಿಲ್ಲದ ಬ್ಯಾರನ್ನಿನ ಸೊಪ್ಪಿಗೆ ದಂಡ ಎಂದು ನಿಯಮ. ಬೆಳೆ ಕೈಗೆ ಬಂದ ಮೇಲೆ ದಂಡ ಮನ್ನಾ ಮಾಡಿ ಎಂದು ಬೇಡಿಕೆ, ಹಲವು ವರ್ಷ ಮನ್ನಾವೂ ಆಯಿತು. ರೈತನ ಪಾಡು ನೋಡಿದರೆ ಬೇರೆ ದಾರಿಯೂ ಇರಲಿಲ್ಲ. ಆದರೆ ನಿಗದಿಯಷ್ಟೇ ಬೆಳೆದ ಪಕ್ಕದ ಹೊಲದವನು ಅದರಿಂದ ಕಲಿತದ್ದೇನು? ಕಟ್ಟಡಗಳ ಅಕ್ರಮ ಸಕ್ರಮವೂ ಇದೇ ಜಾಡಿನದು. ದಂಡ ಕಟ್ಟಿಸಿಕೊಂಡು ಉಲ್ಲಂಘನೆಯನ್ನು ಸಕ್ರಮ ಮಾಡುವ ಯೋಜನೆಯನ್ನು 2016ರ ಕೊನೆಗೆ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ದಂಡದ ರಸೀದಿ ಮನೆಯ ಕಾಗದವನ್ನು ಸರಿ ಮಾಡಬಹುದು. ಮೂರಡಿ ಜಾಗ ಬಿಡದೆ ಕಟ್ಟಿದ ಗೋಡೆಯಿಂದ ಪಕ್ಕದ ಮನೆಗೆ ತಪ್ಪಿದ ಬೆಳಕನ್ನು ಅದು ತಂದುಕೊಡುವುದಿಲ್ಲ.

ಹಾಗಾದರೆ ಹಳ್ಳಿಗೆ ಯಾವ ನಿಯಮ ಬೇಕು? ಬೆಂಗಳೂರಿನ ಪಾರ್ಕಿಂಗ್ ಲೆಕ್ಕ ಇಲ್ಲಿಗೆ ಬೇಡ. ಇಲ್ಲಿನ ಅಪಾಯಗಳು ಇಲ್ಲಿಯವೇ. ಮೊದಲನೆಯದು ನದಿ. ಕೊಡಗಿನ ಇರ್ಪಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥ ಹನಗೋಡು, ಹುಣಸೂರು ದಾಟಿ ಕಟ್ಟೆಮಳಲವಾಡಿಯ ಕಟ್ಟೆ ಹಾಯ್ದು ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. ವರ್ಷದ ಬಹುಪಾಲು ಬಡಕಲಾಗಿರುವ ನದಿ 2019ರ ಆಗಸ್ಟ್‌ನಲ್ಲಿ ಉಕ್ಕಿ ಹುಣಸೂರು ಪಟ್ಟಣದ ತಗ್ಗಿನ ಬಡಾವಣೆಗಳಿಗೂ ದಂಡೆಯ ಊರುಗಳಿಗೂ ನುಗ್ಗಿತು. ಆ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಊರಿನ ಎಲ್ಲರಿಗೂ ಗೊತ್ತು, ಅನುಮತಿಯ ಅರ್ಜಿಯಲ್ಲಿ ಅದನ್ನು ಕೇಳುವ ಒಂದು ಕಲಮೂ ಇಲ್ಲ. ಎರಡನೆಯದು ಬೆಂಕಿ. ಬ್ಯಾರನ್ನಿನಲ್ಲಿ ಐದಾರು ದಿನ ಹಗಲು ರಾತ್ರಿ ಸೌದೆ ಉರಿಯುತ್ತದೆ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ನಿಗೆ ಬೆಂಕಿ ಬಿದ್ದ ಸುದ್ದಿ ಈ ತಾಲ್ಲೂಕುಗಳಿಂದ ವರ್ಷವೂ ಬರುತ್ತದೆ. ಅದಕ್ಕೂ ಮಲಗುವ ಮನೆಗೂ ಇಷ್ಟು ದೂರ ಇರಲೇಬೇಕು ಎಂಬ ಒಂದು ಸಾಲು ಪಂಚಾಯಿತಿಯ ಅನುಮತಿಯಲ್ಲಿ ಇರಬೇಕು. ಇನ್ನು ಶೌಚದ ಗುಂಡಿಗೂ ಬೋರ್‌ವೆಲ್ಲಿಗೂ ಇರಬೇಕಾದ ಅಂತರ, ತಾರಸಿಯ ಮೇಲೆ ಹಾಯುವ ವಿದ್ಯುತ್ ತಂತಿ. ಇಷ್ಟು ಒಂದು ಹಾಳೆಗೆ ಹಿಡಿಯುತ್ತದೆ.

ನೋಡುವವರು ಎಲ್ಲಿದ್ದಾರೆ ಎಂದು ಕೇಳಬಹುದು. ಇದ್ದಾರೆ. ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಯಲ್ಲಿ ಮನೆ ಮಂಜೂರಾದ ಬಡವನ ಜಾಗಕ್ಕೆ ಪಂಚಾಯಿತಿಯವರು ಪಾಯ, ಲಿಂಟಲ್, ಚಾವಣಿ, ಮುಕ್ತಾಯ ಎಂದು ನಾಲ್ಕು ಹಂತದಲ್ಲೂ ಹೋಗಿ ಜಿಪಿಎಸ್ ಫೋಟೊ ತೆಗೆಯುತ್ತಾರೆ, ಏಕೆಂದರೆ ಸರ್ಕಾರದ ದುಡ್ಡು ಕಂತಿನಲ್ಲಿ ಹೋಗುತ್ತದೆ. ದುಡ್ಡಿನ ಜಾಡು ಹಿಡಿಯಲು ಸಾಧ್ಯವಾದದ್ದು ಜೀವದ ವಿಷಯದಲ್ಲಿ ಯಾಕೆ ಆಗಬಾರದು? ನರೇಗಾ ಕಾಮಗಾರಿಗಳಿಗೆ ತಾಂತ್ರಿಕ ಸಹಾಯಕರು ಊರೂರಿಗೆ ಬಂದಿದ್ದಾರೆ, ತಾಲ್ಲೂಕಿನಲ್ಲಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ ಇದೆ. ಪಕ್ಕದ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ. ಅಲ್ಲಿ ಪಂಚಾಯಿತಿಗೇ ಕಟ್ಟಡ ನಿಯಮಾವಳಿ ಇದೆ, ಎಂಜಿನಿಯರಿಂಗ್ ವಿಭಾಗವಿದೆ, ಕೆಲಸ ಮುಗಿದದ್ದು ಖಾತ್ರಿಯಾದ ಮೇಲೆಯೇ ಮನೆ ನಂಬರು. ಜೊತೆಗೆ ಸಣ್ಣ ಮನೆಗಳವರು ತಾವೇ ದೃಢೀಕರಿಸಿ ಬೇಗ ಅನುಮತಿ ಪಡೆಯುವ ದಾರಿಯನ್ನೂ ಅಲ್ಲಿ ಮಾಡಿಕೊಟ್ಟಿದ್ದಾರೆ.

ತಪಾಸಣೆ ಎಂದರೆ ಲಂಚಕ್ಕೆ ಇನ್ನೊಂದು ಬಾಗಿಲು ಎಂಬ ಭಯ ಸುಳ್ಳಲ್ಲ. ಅದಕ್ಕೇ ಕೇಳುವ ಪ್ರಶ್ನೆಗಳು ಕಡಿಮೆ ಇರಬೇಕು, ಊರಿಗೆಲ್ಲ ಗೊತ್ತಿರಬೇಕು, ಬಂದವರು ಬರೆದ ಷರಾ ಪಂಚಾಯಿತಿಯ ಹಲಗೆಯ ಮೇಲೆ ಬರಬೇಕು. ಖಾತೆಯ ತಕರಾರನ್ನು ಈ ತಪಾಸಣೆಗೆ ತಳುಕು ಹಾಕಬಾರದು. ಕೆರೆ ಅಂಗಳ, ನದಿ ದಂಡೆ, ಇನ್ನೊಬ್ಬರ ಜಾಗವಾದರೆ ಬೇಡವೆಂದು ಪಾಯ ತೆಗೆಯುವ ದಿನವೇ ಹೇಳಬೇಕು. ಉಳಿದ ಕಡೆ, ಇದು ಹಕ್ಕುಪತ್ರವಲ್ಲ, ಮನೆಯ ಭದ್ರತೆಗೆ ಮಾತ್ರ ಸಂಬಂಧಿಸಿದ್ದು ಎಂದು ಬರೆದು 11ಬಿಯವರ ಪಾಯವನ್ನೂ ನೋಡಬೇಕು.

ನೋಡಬೇಕಾದದ್ದು ಮೂರು ಸಲ: ಪಾಯದ ಗುಂಡಿ ತೆರೆದಿದ್ದಾಗ, ಮೋಲ್ಡಿಗೆ ಕಬ್ಬಿಣ ಕಟ್ಟಿ ಇನ್ನೂ ಕಾಂಕ್ರೀಟ್ ಸುರಿಯದಿದ್ದಾಗ, ಒಕ್ಕಲಾಗುವ ವಾರ. ಈ ಮೂರು ಷರಾಗಳೇ ಆ ಮನೆಯ ಒ.ಸಿ. ಆಗಲಿ. ಮನೆ ಕಟ್ಟಲು ವಿದ್ಯುತ್ ಕಂಪನಿಯಾದ ಸೆಸ್ಕ್‌ನಿಂದ ತಾತ್ಕಾಲಿಕ ವಿದ್ಯುತ್ ಕೇಳುವ ದಿನವೇ ಕಂಪನಿಯವರು ಮೊದಲ ತಪಾಸಣೆಯ ಚೀಟಿ ಕೇಳಲಿ, ಆಗ ಕೊನೆಯಲ್ಲಿ ಮೀಟರ್ ತಡೆಹಿಡಿಯುವ ಸಂದರ್ಭವೇ ಬಾರದು. ಉಪವಿಧಿ ಮಾಡುವ ಅಧಿಕಾರ 1993ರ ಕಾಯ್ದೆಯಲ್ಲೇ ಪಂಚಾಯಿತಿಗಿದೆ. ಮುಂದಿನ ಗ್ರಾಮಸಭೆಯಲ್ಲಿ ಕಟ್ಟೆಮಳಲವಾಡಿಯವರು 2019ರ ನೀರು ನಿಂತ ಗುರುತುಗಳಿಗೆ ಕಲ್ಲು ನೆಡುವ ಠರಾವು ಮಾಡಿ, ಆ ಕಲ್ಲಿನಿಂದ ಕೆಳಗೆ ಪಾಯ ತೆಗೆಯಲು ಪಂಚಾಯಿತಿ ಅನುಮತಿ ಕೊಡುವಂತಿಲ್ಲ ಎಂದು ಬರೆಸಿದರೂ ಕೆಲಸ ಶುರುವಾದಂತೆ.