ಗಾಡಿಗೂ ಲಾಟ್ ನಂಬರ್ ಇದೆ, ಒಂದ್ಸಲ ನೋಡಿ

ತೆಂಗಿನ ಬಿಳಿನೊಣದ ವಿಷಯ ಅರ್ಧಕ್ಕೆ ನಿಂತಿದೆ, ಮುಂದಿನ ವಾರ ಬರೀತೀನಿ. ಈ ಸಲ ಕಾರಿನ ವಿಷಯ. ತೋಟದ ಪೇಜಲ್ಲಿ ಕಾರು ಯಾಕೆ ಅಂತ ಕೇಳಬೇಡಿ. ಕೊಬ್ಬರಿ ರೇಟು ಏರಿದ ಮೇಲೆ ನಮ್ಮ ಸುತ್ತಿನ ಊರುಗಳಿಗೆ ಎಷ್ಟು ಗಾಡಿ ಬಂದಿವೆ ಅಂತ ನೀವೇ ನೋಡ್ತಿದ್ದೀರಿ. ಹೊಸದು ತಗೊಂಡೋರು ಸ್ವಲ್ಪ, ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ತಂದೋರು ಜಾಸ್ತಿ. ಎಲ್ಲರಿಗೂ ಬೇಕಾಗಿರೋದು ಈ ಚಿಕ್ಕ ಎಸ್‌ಯುವಿಗಳೇ. ತೋಟದ ದಾರೀಲಿ ತಳ ತಾಗಲ್ಲ, ಹಿಂದುಗಡೆ ಎರಡು ಮೂಟೆ ಹಿಡಿಯುತ್ತೆ, ಮದುವೆ ಮನೆ ಮುಂದೆ ನಿಲ್ಲಿಸಿದರೂ ಚೆನ್ನಾಗಿ ಕಾಣುತ್ತೆ. ತಗೊಂಡಿದ್ದು ಸರಿಯೋ ತಪ್ಪೋ ಅಂತ ಹೇಳೋಕೆ ನಾನು ಬಂದಿಲ್ಲ.

ನನ್ನ ತಕರಾರು ಇರೋದು ಟೀ ಅಂಗಡೀಲಿ ಈ ಗಾಡಿಗಳ ಬಗ್ಗೆ ನಡೆಯೋ ಮಾತಿನ ಮೇಲೆ. ಒಬ್ಬರು ಅಂತಾರೆ, "ಆ ಗಾಡೀನ ಕಂಪನಿಯೋರೇ ವಾಪಸ್ ಕರೆದರಂತೆ, ಅದು ಡಬ್ಬ, ತಗೋಬೇಡ." ಇನ್ನೊಬ್ಬರು, "ನಮ್ದು ಒಂದು ಸಲಾನೂ ಕರೆದಿಲ್ಲ, ನಮ್ದು ಚಿನ್ನ." ಎರಡು ಮಾತೂ ಲೆಕ್ಕಕ್ಕೆ ಬರಲ್ಲ. ಕರೆದರು ಅಂದರೆ ತಪ್ಪು ಸಿಕ್ಕಿದೆ, ಸರಿ ಮಾಡಿಕೊಡ್ತಾರೆ ಅಂತ ಅರ್ಥ. ಕರೆದಿಲ್ಲ ಅಂದರೆ ತಪ್ಪೇ ಇಲ್ಲ ಅಂತಾನೂ ಇರಬಹುದು, ಯಾರೂ ಹುಡುಕಿಲ್ಲ ಅಂತಾನೂ ಇರಬಹುದು, ಕಾಗದ ನಿಮ್ಮ ಮನೆಗೆ ಬಂದಿಲ್ಲ ಅಂತಾನೂ ಇರಬಹುದು. ನಮ್ಮ ಕಡೆ ಈ ಕೊನೇದೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ರೀಕಾಲ್ ಅಂದರೆ ಏನು ಅಂತ ರೈತರಿಗೆ ಬಿಡಿಸಿ ಹೇಳೋದು ಸುಲಭ. ಬಿತ್ತನೆ ಬೀಜದ ಚೀಲದ ಮೇಲೆ ಲಾಟ್ ನಂಬರ್ ಇರುತ್ತೆ. ಮೊಳಕೆ ಬರಲಿಲ್ಲ ಅಂತ ಹೋದರೆ ಕೃಷಿ ಇಲಾಖೆಯೋರು ಮೊದಲು ಬಿಲ್ಲು ಕೇಳ್ತಾರೆ, ಆಮೇಲೆ ಲಾಟ್ ನಂಬರ್ ಕೇಳ್ತಾರೆ. ಯಾಕಂದ್ರೆ ತಳಿ ಪೂರ್ತಿ ಕೆಟ್ಟಿರಲ್ಲ, ಆ ಒಂದು ಲಾಟ್ ಕೆಟ್ಟಿರುತ್ತೆ. ಕಾರಿನದೂ ಹಂಗೇ. ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ತಯಾರಾದ ಗಾಡಿಗಳಿಗೆ ಹಾಕಿರೋ ಇಂಥ ಬಿಡಿಭಾಗ ಸರಿ ಇಲ್ಲ ಅಂತ ಕಂಪನಿ ಪ್ರಕಟಣೆ ಕೊಡುತ್ತೆ. ಗಾಡಿಯ ಲಾಟ್ ನಂಬರ್ ಅಂದರೆ ಚಾಸಿ ನಂಬರ್. ಅಕ್ಷರ ಅಂಕಿ ಸೇರಿ 17 ಇರುತ್ತೆ. ನಿಮ್ಮ ಆರ್‌ಸಿ ಕಾರ್ಡಲ್ಲೇ ಇದೆ.

ಒಂದು ಗಾಡಿಯ ಲೆಕ್ಕ ತಗೊಳ್ಳೋಣ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ 2022ರ ಸೆಪ್ಟೆಂಬರಲ್ಲಿ ಬಂತು. ಹೆಸರು ಮಾರುತಿದು, ತಯಾರಾಗಿದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೇಲಿ. ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಓಡಾಡ್ತಿವೆ.

ಬಂದ ಮೂರೇ ತಿಂಗಳಿಗೆ, 2022ರ ಡಿಸೆಂಬರಲ್ಲಿ, ಬ್ರೆಝಾ, ಎರ್ಟಿಗಾ, ಸಿಯಾಜ್, ಎಕ್ಸ್‌ಎಲ್6 ಜೊತೆ ಇದನ್ನೂ ಸೇರಿಸಿ 9,125 ಗಾಡಿ ಕರೆದರು. ಮುಂದಿನ ಸೀಟಿನ ಬೆಲ್ಟನ್ನ ಭುಜದ ಹತ್ತಿರ ಮೇಲೆ ಕೆಳಗೆ ಮಾಡೋ ಭಾಗದಲ್ಲಿ ದೋಷ. 2023ರ ಜನವರೀಲಿ ಮತ್ತೆ 17,362 ಗಾಡಿ. ಅದರಲ್ಲಿ ಆಲ್ಟೋ ಕೆ10, ಎಸ್‌ಪ್ರೆಸ್ಸೋ, ಈಕೋ, ಬ್ರೆಝಾ, ಬಲೆನೋ, ಗ್ರ್ಯಾಂಡ್ ವಿಟಾರಾ ಎಲ್ಲಾ ಇದ್ವು. 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ ತಯಾರಾದವು. ಈ ಸಲ ಏರ್‌ಬ್ಯಾಗ್ ಕಂಟ್ರೋಲರ್. ಅದೇ ತಿಂಗಳ ಕೊನೇಲಿ ಗ್ರ್ಯಾಂಡ್ ವಿಟಾರಾ ಮಾತ್ರ 11,177. ಹಿಂದಿನ ಸೀಟಿನ ಬೆಲ್ಟ್ ಕೂರಿಸೋ ಬ್ರಾಕೆಟ್ ಬರ್ತಾ ಬರ್ತಾ ಸಡಿಲ ಆಗಬಹುದು ಅಂತ. 2025ರ ನವೆಂಬರಲ್ಲಿ 39,506. ಇದು ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಮುಳ್ಳು ಮತ್ತು ದೀಪದ ತೊಂದರೆ.

ಎಲ್ಲಾ ರೀಕಾಲೂ ಒಂದೇ ತೂಕದ್ದಲ್ಲ. ಪೆಟ್ರೋಲ್ ಮುಳ್ಳು ತಪ್ಪು ತೋರಿಸಿದರೆ ದಾರೀಲಿ ನಿಲ್ತೀರಿ, ರಾತ್ರಿ ಹೊತ್ತು ಹೈವೇಲಿ ನಿಂತರೆ ಅದೂ ಅಪಾಯವೇ. ಆದರೆ ಏರ್‌ಬ್ಯಾಗ್ ಕಂಟ್ರೋಲರ್ ಬೇರೇನೇ. ಗಾಡಿ ಗುದ್ದಿದಾಗ ವೇಗ ಎಷ್ಟು ಬೇಗ ಇಳೀತು ಅಂತ ನೋಡಿ, ಕಣ್ಣು ಮಿಟುಕಿಸೋ ಮುಂಚೆ ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ತೀರ್ಮಾನ ಮಾಡೋ ಪೆಟ್ಟಿಗೆ ಅದು. ಬೆಲ್ಟನ್ನ ಎಳೆದು ಮೈಗೆ ಬಿಗಿ ಮಾಡೋದೂ ಅದರ ಆಜ್ಞೆ ಮೇಲೇ. ಅದು ಕೈ ಕೊಟ್ಟರೆ ಎರಡೂ ಇಲ್ಲ. ಅದಕ್ಕೇ ಆ ಸಲ ಕಂಪನಿಯೋರೇ, ಭಾಗ ಬದಲಾಯಿಸೋವರೆಗೂ ಗಾಡಿ ಓಡಿಸಬೇಡಿ ಅಂದಿದ್ದರು. ಓಡಿಸಬೇಡಿ ಅನ್ನೋ ಮಾತು ಕಂಪನಿಯೋರ ಬಾಯಲ್ಲಿ ಸುಮ್ಮನೆ ಬರಲ್ಲ.

ಇನ್ನೊಂದು ಗಮನಿಸಿ. ಅದೇ ತಿಂಗಳು ಟೊಯೋಟಾದೋರೂ ಗ್ಲಾನ್ಝಾ ಮತ್ತು ಅರ್ಬನ್ ಕ್ರೂಸರ್ ಹೈರೈಡರ್ ಸೇರಿ 1,390 ಗಾಡಿ ಕರೆದರು, ಅದೂ ಏರ್‌ಬ್ಯಾಗ್ ಕಂಟ್ರೋಲರಿಗೇ. ಹೈರೈಡರ್ ಅಂದರೆ ಗ್ರ್ಯಾಂಡ್ ವಿಟಾರಾದ ಜೋಡಿ, ಒಂದೇ ಕಾರ್ಖಾನೆ. ಒಂದೇ ಬೀಜ ಎರಡು ಕಂಪನಿ ಚೀಲದಲ್ಲಿ ಬರೋದು ನಮಗೆ ಹೊಸದಲ್ಲ. ಹಂಗಾಗಿ "ನಂದು ಮಾರುತಿ ಅಲ್ಲ, ಟೊಯೋಟಾ" ಅಂತ ನಿಶ್ಚಿಂತೆಯಿಂದ ಇರೋಕಾಗಲ್ಲ. ಮಹೀಂದ್ರಾದೋರು 2023ರ ಆಗಸ್ಟಲ್ಲಿ ಎಂಜಿನ್ ಜಾಗದ ವೈರು ಉಜ್ಜಿ ಸವೆಯಬಹುದು ಅಂತ ಎಕ್ಸ್‌ಯುವಿ700 ಒಂದೇ 1,08,306 ಕರೆದರು. ಕಿಯಾ ಸೆಲ್ಟೋಸ್ 2024ರಲ್ಲಿ 4,358, ಗೇರ್‌ಬಾಕ್ಸ್ ಆಯಿಲ್ ಪಂಪಿನ ಕಂಟ್ರೋಲರಿಗೆ. ಯಾರ ಮನೆ ದೋಸೇಲಿ ತೂತಿಲ್ಲ ಹೇಳಿ. ತೂತು ಇದೆ ಅಂತ ಹೇಳಿ ರಿಪೇರಿ ಮಾಡಿಕೊಡೋನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಇರೋದು ಎಲ್ಲಿ ಅಂದ್ರೆ, ಆ ಸುದ್ದಿ ನಮ್ಮವರೆಗೂ ಬರೋ ದಾರೀಲಿ. ಕಂಪನಿ ಫೋನು, ಮೆಸೇಜು, ಕಾಗದ ಕಳಿಸೋದು ತನ್ನ ಪುಸ್ತಕದಲ್ಲಿರೋ ಹೆಸರಿಗೆ. ಆ ಹೆಸರು ಮೊದಲು ಗಾಡಿ ಕೊಂಡೋರದು. ನಮ್ಮ ಸಂಬಂಧಿಕರೊಬ್ಬರು ಬೆಂಗಳೂರಿಂದ ಬ್ರೋಕರ್ ಮುಖಾಂತರ ಎರಡು ವರ್ಷ ಓಡಿದ ಗಾಡಿ ತಂದರು. ಕಂಪನಿ ಹೆಸರು ಬೇಡ. ಎಂಟು ತಿಂಗಳು ನಮ್ಮೂರ ಮೆಕ್ಯಾನಿಕ್ ಹತ್ತಿರವೇ ಆಯಿಲ್ ಬದಲಾಯಿಸಿಕೊಂಡು ಓಡಿಸಿದರು. ಒಂದು ದಿನ ಬೇರೆ ಕೆಲಸಕ್ಕೆ ಷೋರೂಮಿಗೆ ಹೋದಾಗ ಅಲ್ಲಿನ ಹುಡುಗ ಕಂಪ್ಯೂಟರಲ್ಲಿ ನಂಬರ್ ಹೊಡೆದು, "ಸಾರ್, ಬೆಲ್ಟಿನ ರೀಕಾಲ್ ಬಾಕಿ ಇದೆ, ಮೆಸೇಜ್ ಬಂದಿರಲಿಲ್ವಾ?" ಅಂದ. ಮೆಸೇಜ್ ಬೆಂಗಳೂರಿನ ಹಳೇ ಯಜಮಾನರಿಗೆ ಹೋಗಿತ್ತು. ಅವರು ಗಾಡಿ ಮಾರಿಬಿಟ್ಟಿದ್ದರು, ಯಾಕೆ ತಲೆ ಕೆಡಿಸಿಕೊಳ್ತಾರೆ? ಇವರು ಎಂಟು ತಿಂಗಳು ಮೊಮ್ಮಕ್ಕಳನ್ನ ಹಿಂದೆ ಕೂರಿಸಿಕೊಂಡು ಸಿದ್ಧಗಂಗೆಗೂ ಧರ್ಮಸ್ಥಳಕ್ಕೂ ಹೋಗಿಬಂದಿದ್ದರು. ಪುಣ್ಯಕ್ಕೆ ಏನೂ ಆಗಲಿಲ್ಲ. ರಿಪೇರಿ ಅರ್ಧ ದಿನದ ಕೆಲಸ, ಒಂದು ರೂಪಾಯಿ ತಗೊಂಡಿಲ್ಲ.

ಇದಕ್ಕೆ ಯಾರನ್ನ ಅನ್ನೋದು? ಮಾರಿದೋರನ್ನಾ, ಬ್ರೋಕರನ್ನಾ, ಕಂಪನೀನಾ? ನನ್ನ ಪ್ರಕಾರ ಸರಿಯಾದ ಜಾಗ ಆರ್‌ಟಿಒ ಆಫೀಸು. ಗಾಡಿ ಹೆಸರು ವರ್ಗಾವಣೆಗೆ ಹೋದರೆ ಇನ್ಶೂರೆನ್ಸ್ ಇದೆಯಾ ಅಂತಾರೆ, ಎಮಿಷನ್ ಟೆಸ್ಟ್ ಕೇಳ್ತಾರೆ, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ತನ್ನಿ ಅಂತಾರೆ. ಬ್ಯಾಂಕಿನ ದುಡ್ಡು ಬಾಕಿ ಇದೆಯಾ ಅಂತ ನೋಡೋ ಸರ್ಕಾರ, ಗಾಡೀಲಿ ಬೆಲ್ಟಿನ ರಿಪೇರಿ ಬಾಕಿ ಇದೆಯಾ ಅಂತ ಯಾಕೆ ನೋಡಬಾರದು? ಅದೇ ಕಂಪ್ಯೂಟರು, ಅದೇ ಚಾಸಿ ನಂಬರು. ಕಂಪನಿಗಳು ರೀಕಾಲ್ ಪಟ್ಟೀನ ಸಾರಿಗೆ ಇಲಾಖೆಗೆ ಕೊಟ್ಟು, ಬಾಕಿ ಇದ್ದರೆ ಹೊಸ ಯಜಮಾನನ ಕೈಗೆ ಒಂದು ಚೀಟಿ ಕೊಟ್ಟರೆ ಸಾಕು. ವರ್ಗಾವಣೆ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ನಿಲ್ಲಿಸಿದರೆ ಅಲ್ಲೊಬ್ಬ ಏಜೆಂಟ್ ಹುಟ್ಟಿಕೊಳ್ತಾನೆ. ಗೊತ್ತಾಗಲಿ ಅಷ್ಟೇ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು 110ಎ ಅಂತ ಕಲಂ ಸೇರಿಸಿದರು. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಲ್ಲಿವರೆಗೂ ಎಲ್ಲಾ ಕಂಪನಿಯೋರ ಮನಸ್ಸಿಗೆ ಬಿಟ್ಟ ವಿಷಯ. ಈಗ ಸರ್ಕಾರವೇ ಗಾಡಿ ವಾಪಸ್ ಕರೀರಿ ಅಂತ ಆಜ್ಞೆ ಮಾಡಬಹುದು, 10 ಲಕ್ಷದಿಂದ 1 ಕೋಟಿವರೆಗೂ ದಂಡ ಹಾಕಬಹುದು. ಆದರೆ ಎರಡು ಕೊಕ್ಕೆ ಇದೆ. ಒಂದು, ಈ ಕಡ್ಡಾಯ ರೀಕಾಲ್ 7 ವರ್ಷದ ಒಳಗಿನ ಗಾಡಿಗೆ. ನಮ್ಮಲ್ಲಿ ಗಾಡಿ ಹಳ್ಳಿಗೆ ಬರೋದೇ ನಾಲ್ಕೈದು ವರ್ಷ ಆದಮೇಲೆ, ಆಮೇಲೆ ಹತ್ತು ವರ್ಷ ಓಡುತ್ತೆ. ಆರ್‌ಸಿ 15 ವರ್ಷಕ್ಕೆ ಕೊಡೋರು ರೀಕಾಲ್ ಮಾತ್ರ 7 ವರ್ಷಕ್ಕೆ ನಿಲ್ಲಿಸೋದು ಯಾವ ನ್ಯಾಯ? ಇದನ್ನ ಬದಲಾಯಿಸಬೇಕು.

ಎರಡನೇದು ನಮ್ಮ ಕೈಲೇ ಇದೆ. ಸರ್ಕಾರ ಆಜ್ಞೆ ಮಾಡಬೇಕಾದರೆ ಒಂದೇ ಮಾದರಿಯ ಗಾಡಿ ಮೇಲೆ ಇಂತಿಷ್ಟು ಜನ ದೂರು ಕೊಟ್ಟಿರಬೇಕು. ಲೆಕ್ಕಕ್ಕೆ ಬರೋದು ಬರೆದ ದೂರು. ಬ್ರೇಕ್ ತುಳಿದರೆ ಗಾಡಿ ಎಡಕ್ಕೆ ಎಳೆಯುತ್ತೆ, ಸ್ಟೇರಿಂಗ್ ಹತ್ತಿರ ಲಟಲಟ ಸದ್ದು, ಓಡ್ತಾ ಓಡ್ತಾ ಎಂಜಿನ್ ಆಫ್ ಆಯ್ತು ಅಂತ ನಾವು ಯಾರಿಗೆ ಹೇಳ್ತೀವಿ? ಟೀ ಅಂಗಡೀಲಿ ಹೇಳ್ತೀವಿ, ಮೆಕ್ಯಾನಿಕ್‌ಗೆ ಹೇಳ್ತೀವಿ. ಅವನು ಏನೋ ಒಂದು ಬಿಗಿ ಮಾಡಿ ಕಳಿಸ್ತಾನೆ. ಸರ್ಕಾರದ ಪುಸ್ತಕದಲ್ಲಿ ಅದು ಸೊನ್ನೆ. ನೂರು ಹಳ್ಳಿಯ ನೂರು ಗಾಡೀಲಿ ಅದೇ ಸದ್ದು ಬಂದರೂ ನೂರು ಸೊನ್ನೆ.

ಬರೆದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ದೆಹಲಿ ಕಡೆಯ ಒಬ್ಬರು 2015ರ ಆಗಸ್ಟಲ್ಲಿ ಹ್ಯುಂಡೈ ಕ್ರೆಟಾ ಕೊಂಡರು. 2017ರ ನವೆಂಬರಲ್ಲಿ ಪಾಣಿಪತ್ ಹೈವೇಲಿ ಅಪಘಾತ. ತಲೆ, ಎದೆ, ಹಲ್ಲಿಗೆ ಪೆಟ್ಟು. ಏರ್‌ಬ್ಯಾಗ್ ಬಿಚ್ಚಲಿಲ್ಲ. ಬಿಚ್ಚೋಷ್ಟು ಜೋರಾಗಿ ಗುದ್ದಿರಲಿಲ್ಲ ಅನ್ನೋದು ಕಂಪನಿಯ ವಾದ. ಅವರು ಗ್ರಾಹಕರ ಆಯೋಗಕ್ಕೆ ಹೋದರು. ಗಾಡಿ ಎಲ್ಲೆಲ್ಲಿ ಜಖಂ ಆಗಿದೆ ಅನ್ನೋದು ದಾಖಲೆಯಲ್ಲಿತ್ತು. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡೂ ಅವರ ಕಡೆ ಆಯ್ತು. 2022ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಕೊಳ್ಳೋನು ವೇಗ, ಬಲದ ಲೆಕ್ಕ ಹಾಕೋ ಭೌತಶಾಸ್ತ್ರದ ಪಂಡಿತ ಆಗಿರಬೇಕಿಲ್ಲ, ಮುಂದುಗಡೆ ಗುದ್ದಿದರೆ ಬ್ಯಾಗ್ ಬಿಚ್ಚುತ್ತೆ ಅಂತ ನಂಬೋದು ಸಹಜ ಅನ್ನೋ ಅರ್ಥದ ಮಾತನ್ನ ಕೋರ್ಟ್ ಹೇಳಿತು. 3 ಲಕ್ಷ ಪರಿಹಾರ, ಜೊತೆಗೆ ಗಾಡಿ ಬದಲಾಯಿಸಿಕೊಡಿ ಅಂತ ಆದೇಶ. ನಾಲ್ಕೂವರೆ ವರ್ಷ ಹಿಡೀತು, ನಿಜ. ಆದರೆ ಕಾಗದ ಇಲ್ಲದಿದ್ದರೆ ಅದೂ ಇಲ್ಲ.

ನಮ್ಮ ಕಡೆಯ ತಪ್ಪೂ ಹೇಳಲೇಬೇಕು, ಇಲ್ಲಾಂದ್ರೆ ಏಕಪಕ್ಷ ಆಗುತ್ತೆ. ಹಂದಿ, ದನ ಅಡ್ಡ ಬರುತ್ತೆ ಅಂತ ಮುಂದುಗಡೆ ಕಬ್ಬಿಣದ ಗಾರ್ಡ್ ಹಾಕಿಸ್ತಾರೆ. ಹಂಗೆ ಹಾಕಿಸೋದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ. ಗುದ್ದಿದ ಹೊಡೆತ ಸೆನ್ಸರಿಗೆ ಸರಿಯಾಗಿ ಮುಟ್ಟದಿದ್ದರೆ ಬ್ಯಾಗ್ ಹೆಂಗೆ ಬಿಚ್ಚುತ್ತೆ? ಬೆಲ್ಟ್ ಹಾಕದಿದ್ದರೆ ಕುಯ್‌ಕುಯ್ ಅನ್ನುತ್ತೆ ಅಂತ ಬರೀ ಕ್ಲಿಪ್ ಚುಚ್ಚಿ ಇಡ್ತಾರೆ. ಬೆಲ್ಟ್ ಇಲ್ಲದೆ ಮುಂದಕ್ಕೆ ಬಿದ್ದೋನಿಗೆ ಆ ವೇಗದಲ್ಲಿ ಉಬ್ಬೋ ಬ್ಯಾಗೇ ಪೆಟ್ಟು ಕೊಡುತ್ತೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರೋ ಗಾಡಿಗೆ ದಪ್ಪ ಕವರ್ ಹೊಲಿಸ್ತಾರೆ. ಇಷ್ಟೆಲ್ಲಾ ಮಾಡಿ ಆಮೇಲೆ ಕಂಪನಿ ಮೇಲೆ ದೂರು ಕೊಟ್ಟರೆ, ಅವರು ಮೊದಲು ತೋರಿಸೋದೇ ಇದನ್ನ.

ಹಂಗಾಗಿ ಮಾಡಬೇಕಾಗಿರೋದು ಇಷ್ಟು.

ಆರ್‌ಸಿ ತೆಗೆದು ಚಾಸಿ ನಂಬರ್ ನೋಡಿ. ಆಯಾ ಕಂಪನಿಯ ವೆಬ್‌ಸೈಟಲ್ಲಿ ಹೊಡೆದು ನೋಡಿ, ಇಲ್ಲಾಂದ್ರೆ ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ "ರೀಕಾಲ್ ಏನಾದ್ರೂ ಬಾಕಿ ಇದೆಯಾ" ಅಂತ ಕೇಳಿ. ನೀವು ಎಷ್ಟನೇ ಯಜಮಾನರಾದರೂ ಸರಿ, ವಾರಂಟಿ ಮುಗಿದಿದ್ದರೂ ಸರಿ, ರೀಕಾಲ್ ಕೆಲಸಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಬರೆದು ಕೊಡಿ ಅನ್ನಿ.

ಗಾಡಿ ತರೋ ಮುಂಚೇನೇ ಇದನ್ನ ನೋಡಿ. ಟೈರು, ಎಂಜಿನ್ ನೋಡೋಕೆ ಮೆಕ್ಯಾನಿಕ್ ಕರ್ಕೊಂಡು ಹೋಗ್ತೀರಲ್ಲ, ಈ ಕೆಲಸಕ್ಕೆ ಅವನೂ ಬೇಡ. ಆರ್‌ಸಿ ನಿಮ್ಮ ಹೆಸರಿಗೆ ಆದಮೇಲೆ ನಿಮ್ಮ ಫೋನ್ ನಂಬರನ್ನ ಆರ್‌ಟಿಒ ದಾಖಲೇಲೂ ಕಂಪನಿ ಸರ್ವಿಸ್ ಸೆಂಟರಲ್ಲೂ ಸೇರಿಸಿ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಆರದೆ ಉರೀತಾನೇ ಇದ್ದರೆ, ಇಲ್ಲಾ ಹತ್ತಲೇ ಇಲ್ಲ ಅಂದರೆ ತಡ ಮಾಡಬೇಡಿ.

ತೊಂದರೆ ಇದ್ದರೆ ಜಾಬ್ ಕಾರ್ಡಲ್ಲಿ ನಿಮ್ಮ ಮಾತಲ್ಲೇ ಬರೆಸಿ, ಒಂದು ಪ್ರತಿ ಇಟ್ಕೊಳ್ಳಿ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. ಸಾರಿಗೆ ಸಚಿವಾಲಯದ ವಾಹನ್ ವೆಬ್‌ಸೈಟಲ್ಲಿ ರೀಕಾಲ್ ದೂರಿಗೇ ಜಾಗ ಇದೆ. ಗ್ರಾಹಕರ ಸಹಾಯವಾಣಿ 1915.

ಬೆಂಗಳೂರಲ್ಲಿ ಗಾಡಿ ಮಾರೋರಿಗೆ ಅದೊಂದು ಮೆಸೇಜು, ಡಿಲೀಟ್ ಮಾಡಿದರೆ ಆಯ್ತು. ಆ ಗಾಡೀಲಿ ಈಗ ಹಿಂದೆ ಕೂತಿರೋರು ನಮ್ಮ ಮಕ್ಕಳು. ನಮ್ಮ ಡೈರಿಗೆ ಹಾಲು ಹಾಕೋ ಮನೆಗಳಲ್ಲೇ ಹನ್ನೊಂದು ಇಂಥ ಗಾಡಿ ಇವೆ, ನಾನೇ ಎಣಿಸಿದ್ದೀನಿ. ಫೋನಲ್ಲಿ ನೋಡೋಕೆ ಬರದೋರು ಭಾನುವಾರ ಬೆಳಗ್ಗೆ ಹಾಲು ಹಾಕೋಕೆ ಬರುವಾಗ ಆರ್‌ಸಿ ತನ್ನಿ, ಕೂತು ನೋಡೋಣ. ಆರ್‌ಸಿ ಫೋಟೋ ಮಾತ್ರ ಇಲ್ಲಿ ಕಾಮೆಂಟಲ್ಲಿ ಹಾಕಬೇಡಿ, ಎಲ್ಲರೂ ನೋಡೋ ಜಾಗ ಇದು. ಬಾಕಿ ಇದೆ ಅಂತ ಗೊತ್ತಾದೋರು ಯಾವ ಗಾಡಿ, ಯಾವ ಭಾಗ ಅಂತ ಮಾತ್ರ ಬರೀರಿ. ಅದೇ ಗಾಡಿ ಇರೋ ಇನ್ನೊಬ್ಬರಿಗೆ ಉಪಯೋಗ ಆಗುತ್ತೆ.